ನೀರಲ್ಲಿ ನಿಂತ ಕಾಡು

ಸಾಯಗಾಂವದ ಕಡೆಯ ನಮಗೆ ಕಾಡೆಂದರೆ ಕಣ್ಣಿಗೆ ಕಟ್ಟುವುದು ಕುರುಚಲು ಗಿಡ, ಜಾಲಿಯ ಮುಳ್ಳು, ಬೇಸಗೆಯಲ್ಲಿ ಎಲೆಯುದುರಿಸಿ ನಿಂತ ಮರ. ವರ್ಷದ ಹನ್ನೆರಡು ತಿಂಗಳೂ ನೀರಿನಲ್ಲಿ ಕಾಲೂರಿ ನಿಂತು ಬದುಕುವ ಕಾಡೊಂದು ನಮ್ಮ ರಾಜ್ಯದಲ್ಲಿಯೇ ಉಂಟೆಂದರೆ ನೀವು ನಂಬುವುದು ಕಷ್ಟ. ಭಾಲ್ಕಿಯಿಂದ ಕಲಬುರಗಿ, ಹುಬ್ಬಳ್ಳಿ, ಶಿರಸಿಗಳ ಮೇಲೆ ಹಾಯ್ದು ಸಿದ್ದಾಪುರ ತಾಲ್ಲೂಕಿಗೆ ಬನ್ನಿ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಘಟ್ಟದ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಹೆಸರಿಟ್ಟವರು ಉತ್ಪ್ರೇಕ್ಷೆ ಮಾಡಿಲ್ಲ. ನಡುಹಗಲಿನಲ್ಲಿಯೂ ಅಲ್ಲಿ ಬಿಸಿಲು ಚೂರುಚೂರಾಗಿಯೇ ಬೀಳುವುದು.

ಇಂತಹ ಜೌಗನ್ನು ಅಲ್ಲಿಯ ಜನ ಜಡ್ಡಿ ಎನ್ನುತ್ತಾರೆ. ಜಾಜಿಕಾಯಿಯ ಕುಲಕ್ಕೆ ಸೇರಿದ ಮರಗಳೇ ಅದರ ಒಡೆಯರು. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗದು. ಆದುದರಿಂದ ಒಂದು ಜಾತಿಯ ಬೇರು ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗಿಳಿಯುತ್ತದೆ. ಇನ್ನೊಂದು ಜಾತಿಯ ಮರ ಕಾಂಡದಿಂದಲೇ ಊರುಗೋಲುಗಳನ್ನು ಇಳಿಬಿಟ್ಟು ನಿಲ್ಲುತ್ತದೆ. ಈ ಬಗೆಯ ಜೌಗುಕಾಡನ್ನು ಮೊದಲು ವರ್ಣಿಸಿದವರು ಕೃಷ್ಣಮೂರ್ತಿ ಎಂಬವರು, 1960ರಲ್ಲಿ, ತಿರುವಾಂಕೂರಿನ ಕಾಡುಗಳನ್ನು ಕಂಡು. ಕತ್ತಲೆಕಾನಿನಲ್ಲಿಯಾದರೋ, ವಿಜ್ಞಾನಕ್ಕೆ ಹೊಸದಾದ ಮರವೊಂದು ದಾಸಪ್ಪ ಮತ್ತು ಸ್ವಾಮಿನಾಥ್ ಅವರ ಲೇಖನಿಯಿಂದ 2000ದಲ್ಲಿ ಹೆಸರು ಪಡೆಯಿತು. ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜ, ನಮ್ಮಲ್ಲಿ ಬಿಬ್ಬಾ ಎನ್ನುತ್ತೇವಲ್ಲ, ಅದರ ನೆಂಟ ಅದು. ಊರಿನ ಹೆಸರೇ ಅದರ ಶಾಸ್ತ್ರೀಯ ನಾಮದಲ್ಲಿ ಸೇರಿದೆ.

ಇಷ್ಟು ವಿಶೇಷವಾದುದು ಉಳಿದಿರುವುದು ಮಾತ್ರ ತೊರೆಗಳ ಮಗ್ಗುಲಿನ ತುಣುಕುಗಳಲ್ಲಿ. ನೀರೂ ತಂಪೂ ಇರುವ ಕಣಿವೆ ಮನುಷ್ಯನಿಗೂ ಬೇಕಾದ ಜಾಗವೇ ತಾನೆ! ಅಲ್ಲಿ ಗದ್ದೆಯಾಯಿತು, ಅಡಕೆಯ ತೋಟವಾಯಿತು, ಮೇಲಿನ ತೊರೆ ತೋಟದತ್ತ ತಿರುಗಿತು. ಕೊಡಲಿ ಸೋಕದ ಜಡ್ಡಿಯೂ ಹೀಗೆ ಒಣಗಬಲ್ಲುದು. ತೋಟದವರನ್ನು ನಾನು ದೂರಲಾರೆ. ಬಾವಿಯ ನೀರು ಆಳಕ್ಕಿಳಿದಾಗ ನಾವು ಮಾಡುವುದಾದರೂ ಬೇರೆಯೇ?

ನೀರು ತಿರುಗಿಸಿದರೆ ಏನಾಗುವುದೆಂಬುದನ್ನು ದೊಡ್ಡ ಅಕ್ಷರದಲ್ಲಿ ಓದಬೇಕಾದರೆ ಇಂಡೋನೇಶಿಯದ ಕಾಲಿಮಂತಾನಿಗೆ ಹೋಗಬೇಕು. ಅಲ್ಲಿಯ ಜೌಗುಕಾಡಿನಲ್ಲಿ ಉದುರಿದ ಎಲೆ, ಮರ ನೀರಿನಡಿ ಪೂರ್ತಿ ಕೊಳೆಯದೆ, ಸಾವಿರಾರು ವರ್ಷಗಳಿಂದ ಆಳುದ್ದ ಪದರವಾಗಿ ನಿಂತಿದೆ. ನಮ್ಮ ಜಡ್ಡಿಯಲ್ಲಿ ಅಂತಹ ಪದರವಿಲ್ಲ. 1996ರಿಂದ ಹತ್ತು ಲಕ್ಷ ಹೆಕ್ಟೇರಿನಲ್ಲಿ ಭತ್ತ ಬೆಳೆಯುವೆವೆಂದು ಅಲ್ಲಿ ಕಾಲುವೆಗಳನ್ನು ಕಡಿದರು, ನೀರು ಬಸಿದುಹೋಯಿತು, 1997ರ ಬರದಲ್ಲಿ ನೆಲವೇ ಹೊತ್ತಿಕೊಂಡು ಉರಿಯಿತು. ಅದರ ನೆರೆಯ ಸೆಬಂಗಾವು ಕಾಡಿನಲ್ಲಿ ಕಳ್ಳನಾಟಾ ಸಾಗಿಸಲು ತೋಡಿದ ಕಾಲುವೆಗಳಿದ್ದವು. 2004ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದ ಮೇಲೆ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕಿ ನೀರನ್ನು ತಡೆಯುವುದೇ ದೊಡ್ಡ ಕೆಲಸವಾಯಿತು. ಗಿಡ ನೆಡುವುದಕ್ಕೆ ಮೊದಲು ನೀರು ನಿಲ್ಲಬೇಕು.

ಕತ್ತಲೆಕಾನಿನಲ್ಲಿ ಇನ್ನೊಂದು ತೊಡಕು ಬೀಜದ್ದು. ಜೋಳವನ್ನು ಹಗೇವಿನಲ್ಲಿಟ್ಟು ಮುಂದಿನ ಹಂಗಾಮಿಗೆ ಬಿತ್ತಿದಂತೆ ಈ ಬೀಜಗಳನ್ನು ಇಡಲಾಗದು. ಒಣಗಿದವೆಂದರೆ ಸತ್ತವೆಂದೇ ಲೆಕ್ಕ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಬೀಜಗಳನ್ನು ಹಸಿಯಾಗಿಯೇ ಮೊಳೆಯಿಸಿ, ಸಸಿ ಬೆಳೆಸಿ, ಅರಣ್ಯ ಇಲಾಖೆಯ ನೆರವಿನಿಂದ ಜಡ್ಡಿಗೆ ಮರಳಿಸುವ ಕೆಲಸ ಹಿಡಿದರು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಹುಟ್ಟಿತು. 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ಸೇರಿತು. ಕಾಗದದ ಗಡಿ ಗಟ್ಟಿಯಾದುದು ಒಳ್ಳೆಯದೇ. ತೊರೆಯ ತಲೆ ಎಲ್ಲಿದೆ, ಅದರ ನೀರು ಯಾರ ಪಾಲು ಎಂಬುದನ್ನು ಮಾತ್ರ ತೋಟದವರೊಡನೆ ಕುಳಿತೇ ತೀರ್ಮಾನಿಸಬೇಕು.

ನೋಡಬಯಸುವವರು ಅರಣ್ಯ ಇಲಾಖೆಯ ಅಪ್ಪಣೆ ಪಡೆದೇ ಒಳಹೋಗಬೇಕು. ಮಳೆಗಾಲ ಬೇಡ, ಜಿಗಣೆಗಳು ಬಿಡವು. ನಮ್ಮ ಕೆರೆಗಳು ಬತ್ತುವ ಫಾಲ್ಗುಣದ ಹೊತ್ತಿಗೆ ಹೋದರೆ, ಆಗಲೂ ಅಲ್ಲಿ ಬೇರುಗಳ ಸಂದಿನಲ್ಲಿ ನೀರು ಸದ್ದಿಲ್ಲದೆ ಹರಿಯುವುದನ್ನು ಕಾಣುವಿರಿ. ಜಡ್ಡಿಯ ಅಂಚಿನಲ್ಲಿಯೇ ನಿಲ್ಲಿ. ತರಗೆಲೆಯಡಿ ಗೇಣುದ್ದದ ಸಸಿಗಳಿರುತ್ತವೆ.