ಅಟ್ಟದಿಂದ ಇಳಿದ ವೀಣೆ



ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಹಳೇ ಸೀರೆ ಸುತ್ತಿಟ್ಟ ವೀಣೆಯೊಂದಿರುತ್ತದೆ. ನವರಾತ್ರಿಯ ಸರಸ್ವತಿ ಪೂಜೆಗೆ ಅದನ್ನು ಇಳಿಸಿ, ಒರೆಸಿ, ಹೂವು ಮುಡಿಸುತ್ತಾರೆ, ಮೀಟುವುದಿಲ್ಲ. ನುಡಿಸುತ್ತಿದ್ದ ಹುಡುಗಿಗೆ ಮದುವೆ, ನೌಕರಿ, ಮಕ್ಕಳ ಓದು ಎಂದು ಮೂವತ್ತು ವರ್ಷ ಕಳೆದುಹೋಗಿವೆ. ಈಗ ಸ್ವಲ್ಪ ಬಿಡುವು. ‘ಮತ್ತೆ ನುಡಿಸಲಾದೀತೆ?’ ಎಂಬುದು ಆಕೆಯ ಪ್ರಶ್ನೆ. ‘ಈ ವಯಸ್ಸಿನಲ್ಲಿ ಯಾಕೆ?’ ಎಂಬುದು ಮನೆಯವರದು.

ಮೊದಲ ಪ್ರಶ್ನೆಗೆ ಉತ್ತರ ವೀಣೆಯ ರಚನೆಯಲ್ಲೇ ಇದೆ. ಹಲಸಿನ ಮರದ ಕೊಡ, ಉದ್ದನೆಯ ದಂಡಿ, ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು, ಒಟ್ಟು 24 ಮೆಟ್ಟಿಲು. ಗಿಟಾರಿನ ಮೆಟ್ಟಿಲುಗಳನ್ನು ಮರಕ್ಕೇ ಬಡಿದು ಕೂರಿಸುತ್ತಾರೆ. ವೀಣೆಯಲ್ಲಿ ಹಾಗಲ್ಲ. ಜೇನುಮೇಣಕ್ಕೆ ಕಪ್ಪು ಬೆರೆಸಿ ಮಾಡಿದ ಹಾಸಿನ ಮೇಲೆ, ಕಿವಿಯಿಂದ ಸ್ವರ ಪರೀಕ್ಷಿಸುತ್ತ, ಒಂದೊಂದಾಗಿ ಕೂರಿಸಬೇಕು. ಇದೇ ಮೇಳ ಕಟ್ಟುವುದು. ಬಿಸಿಲಿನ ಶಾಖಕ್ಕೆ ಮೇಣ ಮೆತ್ತಗಾಗುತ್ತದೆ, ವರ್ಷಗಟ್ಟಲೆ ಬಿಟ್ಟರೆ ಬಿರಿಯುತ್ತದೆ, ಮೆಟ್ಟಿಲುಗಳು ಜರುಗುತ್ತವೆ. ನಿತ್ಯ ನುಡಿಸುವ ವಿದ್ವಾಂಸರೂ ಆಗಾಗ ಮೇಳ ಕಟ್ಟಿಸಲೇಬೇಕು. ಶ್ರುತಿ ತಪ್ಪಿದರೆ ಮತ್ತೆ ಕಟ್ಟಿಕೊಳ್ಳಲು ಅನುವಾಗುವಂತೆಯೇ ಈ ವಾದ್ಯ ರೂಪುಗೊಂಡಿದೆ.

ಆದ್ದರಿಂದ ಮರಳಿ ಬರುವವರು ಮೊದಲು ಕಾಣಬೇಕಾದದ್ದು ಗುರುಗಳನ್ನಲ್ಲ, ಮೇಳ ಕಟ್ಟುವವರನ್ನು. ಮೆಟ್ಟಿಲು ಜರುಗಿದ್ದರೆ ಬೆರಳು ಸರಿಯಾಗಿ ಬಿದ್ದರೂ ಸ್ವರ ತಪ್ಪುತ್ತದೆ. ಅಪವಾದ ಮಾತ್ರ ವಯಸ್ಸಿನ ಮೇಲೆ!

ವೀಣೆ ಸರಿಹೋದ ಮೇಲೆ ಒಂದು ಆಶ್ಚರ್ಯ ಕಾದಿರುತ್ತದೆ. ಮನಸ್ಸು ಮರೆತ ಸರಳೆ, ಜಂಟಿ ವರಸೆಗಳು ಕೈಗೆ ನೆನಪಿರುತ್ತವೆ. ಮರೆತುಹೋಗಿರುವುದು ಚರ್ಮಕ್ಕೆ. ತಂತಿಯನ್ನು ಒತ್ತಿ ಎಳೆದು ಗಮಕ ನುಡಿಸುವವರ ಬೆರಳ ತುದಿ ಜಡ್ಡುಗಟ್ಟಿರುತ್ತದೆ. ಅಭ್ಯಾಸ ಬಿಟ್ಟರೆ ಆ ಜಡ್ಡು ಹೋಗುತ್ತದೆ. ಮತ್ತೆ ಆಗುವವರೆಗೆ ನೋವು ಸಹಜ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು.

ಇದಕ್ಕಿಂತ ದೊಡ್ಡ ನೋವು ಬೇರೆ ಇದೆ. ಕೈ ನಿಂತಿದ್ದ ಆ ಮೂವತ್ತು ವರ್ಷ ಕಿವಿ ನಿಂತಿರಲಿಲ್ಲ. ಆಕಾಶವಾಣಿಯಲ್ಲಿ, ಕ್ಯಾಸೆಟ್ಟಿನಲ್ಲಿ ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರಂಥವರ ವೀಣೆ ಕೇಳಿ ಅದು ಬೆಳೆದಿದೆ. ಹದಿನೆಂಟರಲ್ಲಿ ಕಾಣದ ತಪ್ಪು ಐವತ್ತರಲ್ಲಿ ಕಿವಿಗೆ ರಾಚುತ್ತದೆ. ಬಹಳ ಮಂದಿ ವೀಣೆಯನ್ನು ಮತ್ತೆ ಅಟ್ಟಕ್ಕೇರಿಸುವುದು ಇಲ್ಲಿಯೇ. ಆದರೆ ತನ್ನ ತಪ್ಪು ತನಗೆ ಕೇಳಿಸುವುದು ವಿದ್ಯೆ ಹೋದುದರ ಗುರುತಲ್ಲ, ಬೆಳೆದುದರ ಗುರುತು. ಹುಡುಗಿಗೆ ಗುರು ಹೊರಗಿದ್ದರು. ಈಗ ಅರ್ಧ ಗುರು ಒಳಗೇ ಇದ್ದಾರೆ. ಎಂದೋ ಕಲಿತ ದೊಡ್ಡ ಕೃತಿಗೆ ಕೈಹಾಕದೆ ಮಾಯಾಮಾಳವಗೌಳದ ಸರಳೆವರಸೆಯಿಂದ, ವಿಳಂಬ ಕಾಲದಿಂದ ಆರಂಭಿಸಿದರೆ ಕಿವಿಗೂ ಕೈಗೂ ಮತ್ತೆ ಹೊಂದಿಕೆಯಾಗುತ್ತದೆ.

ಇನ್ನು, ‘ಯಾಕೆ?’ ಎಂಬ ಪ್ರಶ್ನೆ. ಕಚೇರಿ ಕೊಡದ ಸಂಗೀತ ವ್ಯರ್ಥವೆಂಬ ಎಣಿಕೆ ಅದರ ಹಿಂದಿದೆ. ವೀಣೆಯದು ಮೆಲುದನಿ. ಮೈಕು ಬರುವ ಮೊದಲು ಅದು ಹತ್ತಿರ ಕುಳಿತು ಕೇಳುವವರ ವಾದ್ಯವಾಗಿತ್ತು. ಮನೆಯ ನಡುಕೋಣೆ ಅದಕ್ಕೆ ಹೊಸ ಜಾಗವೇನಲ್ಲ. ಅಲ್ಲಿ ಅಜ್ಜಿ ಮೊಮ್ಮಗುವಿನ ಎದುರು ತಪ್ಪುತ್ತ, ತಿದ್ದಿಕೊಳ್ಳುತ್ತ ನುಡಿಸಲಿ. ಸಂಗೀತವನ್ನು ಸಾಧಿಸುವ ಬಗೆ ಹೇಗೆಂದು ಆ ಮಗುವಿಗೆ ಬೇರೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.