ಚಪ್ಪೆ ನೀರಿನ ಪ್ರಶ್ನೆ

ಹಿಂದಿನ ಸಾಲಿನಲ್ಲಿ ಕುಳಿತಿರುವ ದೋಣಿ ಕಟ್ಟುವ ಆಚಾರಿಗಳು ದಯವಿಟ್ಟು ಮುಂದಕ್ಕೆ ಬರಬೇಕು. ಮೊದಲ ಸಾಲಿನಲ್ಲಿ ಕುರ್ಚಿಗಳು ಖಾಲಿ ಇವೆ. ಈ ಸಂಕಿರಣದ ಎರಡು ದಿನ ನಾವು ಮಾತಾಡಲಿರುವುದು ನಿಮ್ಮ ಕೈಗೆಲಸದ ಬಗ್ಗೆ.

ಹಳೆಯ ದೋಣಿಯನ್ನು ರಿಪೇರಿ ಮಾಡುವಾಗ ಮರ ಹಾಕಬೇಕೋ, ಫೈಬರ್ ಹಾಕಬೇಕೋ ಎಂಬುದು ನನಗೆ ಕೊಟ್ಟ ವಿಷಯ. ನಲವತ್ತು ವರ್ಷಗಳಿಂದ ಈ ಕರಾವಳಿಯ ದಡಗಳಲ್ಲಿ ಇದೇ ಚರ್ಚೆ ಕೇಳುತ್ತ ಬಂದಿದ್ದೇನೆ. ನಾವು ಪ್ರಶ್ನೆ ಕೇಳಿದ ರೀತಿಯಲ್ಲೇ ಎಡವಿದೆವು ಎಂಬುದು ನನ್ನ ಬಹುಕಾಲದ ನಂಬಿಕೆ. ಎರಡು ವಸ್ತುಗಳನ್ನು ತಕ್ಕಡಿಯಲ್ಲಿಟ್ಟು ಯಾವುದು ಹಗುರ, ಯಾವುದು ಗಟ್ಟಿ, ಯಾವುದು ಅಗ್ಗ ಎಂದು ಲೆಕ್ಕ ಹಾಕಿದೆವು. ದೋಣಿಯೊಳಗೆ ನೀರು ಎಲ್ಲಿಂದ ಬರುತ್ತದೆ, ಬಂದದ್ದು ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಎಂದು ಕೇಳಲಿಲ್ಲ.

ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ. ಗಂಗೊಳ್ಳಿಯಲ್ಲಿ ಒಂದು ಮಳೆಗಾಲ, ಮಡಲಿನ ಚಪ್ಪರದಡಿ ಹೆಬ್ಬಲಸಿನ ಹಳೆಯ ದೋಣಿಯೊಂದನ್ನು ಎಳೆದಿಟ್ಟಿದ್ದರು. ಆರು ವರ್ಷ ಹಿಂದೆ ಅದರ ಹೊರಮೈಗೆ ಫೈಬರ್ ಹೊದಿಸಲಾಗಿತ್ತು. ಹೊದಿಸಿ ಎಂದು ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ. ಹೊರಗಿನಿಂದ ನೋಡಿದರೆ ಹೊಸ ದೋಣಿಯಂತೆ ಹೊಳೆಯುತ್ತಿತ್ತು. ವಯಸ್ಸಾದ ಆಚಾರಿಯೊಬ್ಬರು ಕೊಡತಿ ಹಿಡಿದು ಮೂತಿಯಿಂದ ಹಿಂಬದಿಯವರೆಗೆ ಮೆಲ್ಲಗೆ ಬಡಿಯುತ್ತ ಹೋದರು. ನಡುಭಾಗದಲ್ಲಿ ಸದ್ದು ಬದಲಾಯಿತು. ಟಣ್ ಎನ್ನುತ್ತಿದ್ದದ್ದು ದಪ್ಪ್ ಎಂದಿತು. ಅಲ್ಲಿ ಉಳಿಯಿಂದ ಅಂಗೈಯಗಲದ ಕಿಟಕಿ ಕೊರೆದರು. ಫೈಬರಿನ ಪದರ ಹಲಗೆಯಿಂದ ಬಿಟ್ಟು ಸಿಪ್ಪೆಯಂತೆ ಎದ್ದು ಬಂತು. ಒಳಗಿಂದ ಚಹಾದ ಬಣ್ಣದ ನೀರು ಒಸರಿತು. ಆಚಾರಿ ಅದರಲ್ಲಿ ಬೆರಳು ಅದ್ದಿ ನಾಲಿಗೆಗಿಟ್ಟು ಹೇಳಿದರು: "ಚಪ್ಪೆ ಮಾಸ್ಟ್ರೇ. ಇದ್ ಕಡ್ಲ್ ನೀರಲ್ಲ, ಮಳಿ ನೀರ್."

ಆ ಒಂದು ಮಾತಿನಲ್ಲಿ ನಮ್ಮ ಶಾಸ್ತ್ರದ ತಪ್ಪು ಪೂರ್ತಿ ಇದೆ. ಮರವನ್ನು ಕೊಳೆಸುವುದು ಶಿಲೀಂಧ್ರ. ಮರದ ತೇವ ಶೇಕಡ 20ರ ಕೆಳಗಿದ್ದರೆ ಅದು ಬೆಳೆಯಲಾರದು. ಉಪ್ಪು ಕುಡಿದ ಮರದಲ್ಲಿಯೂ ಕಷ್ಟಪಡುತ್ತದೆ. ಸಿಹಿನೀರಿನ ತೇವವೆಂದರೆ ಅದಕ್ಕೆ ಹಬ್ಬ. ಮರದ ದೋಣಿ ಮೇಲಿಂದ ಕೆಳಕ್ಕೆ ಕೊಳೆಯುತ್ತದೆಂದು ಬಂದರಿನ ಪ್ರತಿ ಮುದುಕನಿಗೂ ಗೊತ್ತು. ನಾವು ಕಡಲನ್ನು ಶತ್ರುವೆಂದು ತಿಳಿದು ಹೊರಮೈಯನ್ನು ಮುಚ್ಚಿದೆವು. ಮೇಲಿಂದ ಇಳಿದ ಮಳೆನೀರು ಮೊದಲು ಸಂದಿಗಳಲ್ಲಿ ಒಸರಿ, ಹಲಗೆಯ ಹೊರಮೈಯಿಂದ ಆರಿ ಹೋಗುತ್ತಿತ್ತು. ಈಗ ಅದಕ್ಕೆ ದಾರಿಯಿಲ್ಲ. ದೋಣಿ ನೀರು ಹಿಡಿದಿಡುವ ಬಾನಿಯಾಯಿತು.

ಸಭೆಯಲ್ಲಿ ಬಲ್ಲವರಿದ್ದಾರೆ. ಬೆಂಗಳೂರಿನ ಮರವಿಜ್ಞಾನ ಸಂಸ್ಥೆಯಿಂದ ಬಂದ ಮಿತ್ರರು ಮರ ಕೊರೆಯುವ ಹುಳದ ಬಗ್ಗೆ ನಾಳೆ ಪ್ರಬಂಧ ಓದುತ್ತಾರೆ. ಆ ಹುಳ ಹೊರಗಿನಿಂದಲೇ ಬರುವುದು, ಅದನ್ನು ಫೈಬರ್ ತಡೆಯುತ್ತದೆ ಎಂಬ ಅವರ ವಾದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯ ಕೆಲಸವನ್ನು ಇಲ್ಲಿ ಪರಿಚಯಿಸಬೇಕಾಗಿಲ್ಲ. ಸುರತ್ಕಲ್ಲಿನ ಎಂಜಿನಿಯರಿಂಗ್ ಮಿತ್ರರು ರಾಳಗಳ ಬಲದ ಬಗ್ಗೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ಹೊಸ ನಾಡದೋಣಿ ಕಟ್ಟುವವರು ಫೈಬರ್ ಆರಿಸಿದರೆ ನನ್ನ ತಕರಾರಿಲ್ಲ. ಹೆಬ್ಬಲಸು ಸಿಗುವುದೇ ದುರ್ಲಭವಾಗಿರುವಾಗ ಮೀನುಗಾರನಿಗೆ ಹಗುರವಾದ ದೋಣಿ ಬೇಕು. ನಾನು ಹೇಳುತ್ತಿರುವುದು ಈಗಾಗಲೇ ಮರವಾಗಿ ಬದುಕಿರುವ ದೋಣಿಯ ಬಗ್ಗೆ.

ಆ ದೋಣಿ ಬದುಕುವುದು ಅಲ್ಲಾಡುತ್ತ. ಹಲಗೆ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಅಗಲಕ್ಕೆ ಹಿಗ್ಗುತ್ತದೆ. ನೀರಿಗಿಳಿಸಿದ ದೋಣಿ ಮೊದಲ ದಿನಗಳಲ್ಲಿ ಸೋರಿ, ಆಮೇಲೆ ಹಲಗೆ ನೀರು ಕುಡಿದು ಸಂದಿ ಬಿಗಿಯುತ್ತದೆ. ಸಂದಿಗೆ ತುಂಬಿದ ಹತ್ತಿಗೆ ಬಿಗಿ ಬರುವುದೂ ಆಗಲೇ. ಫೈಬರ್ ಬದುಕುವುದು ಅಲ್ಲಾಡದೆ. ಉಸಿರಾಡುವ ಮೈಗೆ ಉಸಿರಾಡದ ಅಂಗಿ ತೊಡಿಸಿದರೆ ಒಂದೋ ಅಂಗಿ ಹರಿಯಬೇಕು, ಇಲ್ಲವೇ ಮೈ ಕೊಳೆಯಬೇಕು. ಗಂಗೊಳ್ಳಿಯ ದೋಣಿಯಲ್ಲಿ ಎರಡೂ ಆಗಿತ್ತು.

ಹಾಗಾದರೆ ಮರಕ್ಕೂ ರಾಳಕ್ಕೂ ಕೂಡಿಬರುವುದೇ ಇಲ್ಲವೇ? ಖಂಡಿತ ಬರುತ್ತದೆ. ಗೋವೆಯಲ್ಲಿ ಕಟ್ಟಿದ ನೌಕಾಪಡೆಯ 'ಮ್ಹಾದೇಯಿ' ಹಾಯಿದೋಣಿಯ ಒಡಲಲ್ಲಿರುವುದು ಮರ, ಅದರ ಮೇಲೆ ಎಪಾಕ್ಸಿ ಮತ್ತು ಗಾಜಿನ ನಾರು. ಕಮಾಂಡರ್ ದಿಲೀಪ್ ದೋಂದೆ 2009-10ರಲ್ಲಿ ಒಬ್ಬರೇ ಅದರಲ್ಲಿ ಭೂಪ್ರದಕ್ಷಿಣೆ ಮಾಡಿದರು. ಅಮೆರಿಕದ ಗೂಜನ್ ಸಹೋದರರು 1979ರಲ್ಲಿ ಪ್ರಕಟಿಸಿದ ಪುಸ್ತಕದ ತಿರುಳೂ ಇದೇ: ಚೆನ್ನಾಗಿ ಒಣಗಿದ ಮರಕ್ಕೆ ಎಲ್ಲ ಮುಖಗಳಿಂದಲೂ ಎಪಾಕ್ಸಿ ಹಚ್ಚಿ, ತೇವಕ್ಕೆ ಒಳಬರುವ ದಾರಿಯೇ ಇಲ್ಲದಂತೆ ಮಾಡಿ. ನಾವು ಆ ಪಾಠದ ಅರ್ಧವನ್ನು ಮಾತ್ರ ತೆಗೆದುಕೊಂಡೆವು. ಒದ್ದೆ ಮರಕ್ಕೆ, ಒಂದೇ ಮುಖಕ್ಕೆ, ಅದೂ ಮರಕ್ಕೆ ಸರಿಯಾಗಿ ಅಂಟದ ಅಗ್ಗದ ಪಾಲಿಯೆಸ್ಟರ್ ರಾಳ ಬಳಿದೆವು.

ಇನ್ನು ಕಾಲದ ಮಾತು. ನಮ್ಮಲ್ಲಿ ದೋಣಿಗಳು ದಡಕ್ಕೆ ಬರುವುದು ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ. ರಿಪೇರಿಯ ಹಂಗಾಮು ಅದೇ. ವರ್ಷದಲ್ಲೇ ಅತಿ ಒದ್ದೆಯಾದ ದಿನಗಳೂ ಅವೇ. ಗಾಳಿಯ ತೇವ ಶೇಕಡ 90ರ ಆಸುಪಾಸಿನಲ್ಲಿದ್ದರೆ, ಚಪ್ಪರದಡಿಯ ಒಣಮರವೂ ಶೇಕಡ 20ರ ತನಕ ತೇವ ಎಳೆದುಕೊಳ್ಳುತ್ತದೆ. ಎಪಾಕ್ಸಿ ಚೆನ್ನಾಗಿ ಹಿಡಿಯಬೇಕಾದರೆ ತೇವ ಶೇಕಡ 12ರ ಒಳಗಿರಬೇಕು. ಬೇರೆ ದೇಶದ ಬೇಸಿಗೆಗೆ ಬರೆದ ವಿಧಾನವನ್ನು ನಾವು ಆಷಾಢದಲ್ಲಿ ನಡೆಸುತ್ತಿದ್ದೇವೆ. ಇದನ್ನು ಒಂದು ಕೈಪಿಡಿಯೂ ಎತ್ತಿ ಹೇಳಿದ್ದನ್ನು ನಾನು ಕಂಡಿಲ್ಲ.

ಕಾರವಾರದಿಂದ ಬಂದ ಮಿತ್ರರು ನನ್ನತ್ತ ನೋಡುತ್ತಿದ್ದಾರೆ. 'ಕೌಂಡಿನ್ಯ'ದ ಮಾತು ಬರಲಿ ಎಂದು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆ ಸೇರಿದ ಆ ಹಡಗನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಬಾಬು ಶಂಕರನ್ ಅವರ ತಂಡದ ಕೈಕೆಲಸ ಅದು. ನಮ್ಮ ಕೆನರಾ ಕರಾವಳಿಯ ರಂಪಣಿ ದೋಣಿಗಳನ್ನೂ ನಾರಿನಿಂದಲೇ ಹೊಲಿಯುತ್ತಿದ್ದರು. ಹೊಲಿಗೆ ಬಾಗುತ್ತದೆ, ಬಿಚ್ಚಲು ಬರುತ್ತದೆ. ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ 'ಟ್ರಿಂಕೋಮಲಿ' ಹಡಗು ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿರುವುದು ಇದೇ ಗುಣದಿಂದ. ಕೆಟ್ಟಿದ್ದನ್ನು ಬಿಚ್ಚಿ ನೋಡಲು ಸಾಧ್ಯವಾಗುವುದೇ ಮರದ ಕಟ್ಟುವಿಕೆಯ ದೊಡ್ಡ ಬಲ. ಫೈಬರ್ ಹೊದಿಸಿದ ದಿನ ನಾವು ಆ ಬಲವನ್ನು ಕಳೆದುಕೊಳ್ಳುತ್ತೇವೆ.

ಅಧ್ಯಕ್ಷರು ಗಡಿಯಾರ ನೋಡಿದರು. ಇನ್ನೈದು ನಿಮಿಷ ಕೊಡಬೇಕೆಂದು ವಿನಂತಿ, ಏಕೆಂದರೆ ನನ್ನ ಮುಖ್ಯ ಪ್ರಶ್ನೆ ಈಗ ಬರುತ್ತಿದೆ.

ಉಪ್ಪು ಕುಡಿದ ಹಳೆಯ ಹಲಗೆ ಒಳಗೆ ಎಷ್ಟು ಒದ್ದೆಯಾಗಿದೆ ಎಂದು ತಿಳಿಯುವುದು ಹೇಗೆ? ಮೊಳೆ ಚುಚ್ಚುವ ತೇವಮಾಪಕ ಅಳೆಯುವುದು ವಿದ್ಯುತ್ತಿನ ಹರಿವನ್ನು. ಉಪ್ಪು ಆ ಹರಿವನ್ನು ಹೆಚ್ಚಿಸುತ್ತದೆ. ಹಾಗಾಗಿ ಒಣಗಿದ ಹಲಗೆಯನ್ನೂ ಅದು ಒದ್ದೆ ಎನ್ನುತ್ತದೆ. ತುಂಡು ಕತ್ತರಿಸಿ ಒಲೆಯಲ್ಲಿ ಒಣಗಿಸಿ ತೂಗಿದರೆ ನಿಜ ಗೊತ್ತಾಗುತ್ತದೆ, ಆದರೆ ಒಂದು ದೋಣಿಯಿಂದ ಎಷ್ಟು ತುಂಡು ಕತ್ತರಿಸಲಾದೀತು? ಈ ಅಂಕಿ ಇಲ್ಲದೆ ಮರವೋ ಫೈಬರೋ ಎಂದು ತೀರ್ಪು ಕೊಡುವುದು, ನಾಡಿ ನೋಡದೆ ಔಷಧ ಬರೆದಂತೆ. ಆಚಾರಿಯ ಕೊಡತಿಗೆ ಕೇಳಿಸಿದ ಆ ಸದ್ದಿನ ವ್ಯತ್ಯಾಸವನ್ನು ನಾವು ಅಂಕಿಗೆ ಇಳಿಸಬಲ್ಲೆವೇ? ಕಿವಿಯಲ್ಲಿರುವ ಆ ಜ್ಞಾನವನ್ನು ಮುಂದಿನ ಹುಡುಗರಿಗೆ ದಾಟಿಸಬಲ್ಲೆವೇ? ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆ ನನ್ನೊಡನಿದೆ. ಉತ್ತರ ಸಿಕ್ಕಿಲ್ಲ. ಈ ಸಭೆಯಲ್ಲಿರುವ ಕಿರಿಯರಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಂಡರೆ, ನನ್ನ ಟಿಪ್ಪಣಿಗಳಷ್ಟನ್ನೂ ಸಂತೋಷದಿಂದ ಕೊಡುತ್ತೇನೆ.

ಪ್ರಬಂಧ ಓದುವ ಎಲ್ಲರಲ್ಲೂ ಒಂದು ಬೇಡಿಕೆ. ಯಾವ ದೋಣಿಯ ಕಥೆ ಹೇಳಿದರೂ, ರಿಪೇರಿಯ ದಿನ ಮರದ ತೇವ ಎಷ್ಟಿತ್ತು, ಹೇಗೆ ಅಳೆದಿರಿ, ಐದು ವರ್ಷದ ಮೇಲೆ ಮತ್ತೆ ತೆರೆದು ನೋಡಿದಿರಾ ಎಂಬುದನ್ನು ಹೇಳಿ. ನೀರಿಗಿಳಿಸಿದ ದಿನದ ಫೋಟೋ ಸಾಕ್ಷಿಯಲ್ಲ.

ನಾಳೆ ಮಧ್ಯಾಹ್ನ ಊಟದ ಮೇಲೆ ಎಲ್ಲರೂ ಧಕ್ಕೆಗೆ ಹೋಗೋಣ. ಫೈಬರ್ ಹೊದಿಸಿದ ಹಳೆಯ ದೋಣಿಯೊಂದನ್ನು ತೆರೆಯಲು ಅದರ ಯಜಮಾನರು ಒಪ್ಪಿದ್ದಾರೆ. ಮುಂದಿನ ಸಾಲಿಗೆ ಬಂದು ಕುಳಿತ ನಮ್ಮ ಆಚಾರಿಗಳೇ ಕಿಟಕಿ ಕೊರೆಯುತ್ತಾರೆ. ಒಳಗಿಂದ ಏನು ಬರುತ್ತದೋ ನನಗೂ ಗೊತ್ತಿಲ್ಲ. ಬಂದದ್ದರಲ್ಲಿ ನಾವೆಲ್ಲ ಬೆರಳು ಅದ್ದಿ ರುಚಿ ನೋಡೋಣ, ಆಮೇಲೆ ಚರ್ಚೆಗೆ ಕೂರೋಣ.