ಪವರ್ ಟಿಲ್ಲರಿನ ಬೆಲ್ಟು



ಮೃಗಶಿರ ಮಳೆ ಹಿಡಿಯಿತೆಂದರೆ ಕುಮಟಾ ತಾಲೂಕಿನ ಹೆಗಡೆ, ಕತಗಾಲ, ಸಂತೇಗುಳಿ ಕಡೆಯ ಗದ್ದೆಗಳಲ್ಲಿ ಪವರ್ ಟಿಲ್ಲರಿನ ಸದ್ದು ಏಳುತ್ತದೆ. ಎತ್ತು ಸಾಕುವವರು ಕಡಮೆಯಾದಂತೆಲ್ಲ ಉಳುಮೆಯ ಭಾರ ಈ ಯಂತ್ರದ ಮೇಲೆ ಬಿದ್ದಿದೆ. ನಾಟಿಗೆ ಸಿಗುವುದು ಕೆಲವೇ ವಾರ. ಆಗ ಎಂಜಿನ್ನು ಗುಡುಗುತ್ತಿದ್ದರೂ ಚಕ್ರ ಕೆಸರಿನಲ್ಲಿ ಕದಲದೆ ನಿಂತರೆ ಬಾಡಿಗೆ ಏರುತ್ತದೆ, ಸಸಿ ಮಡಿಯಲ್ಲೇ ಬಲಿಯುತ್ತದೆ. ಇಂಥ ಎಷ್ಟೋ ಸಂದರ್ಭಗಳಲ್ಲಿ ದೋಷ ಎಂಜಿನ್ನಿನದಲ್ಲ, ಬೆಲ್ಟಿನದು.

ಎಂಜಿನ್ನಿನ ಪುಲ್ಲಿಯಿಂದ ಕ್ಲಚ್ಚಿನ ಪುಲ್ಲಿಗೆ ಶಕ್ತಿಯನ್ನು ಒಯ್ಯುವುದು ಒಂದರ ಪಕ್ಕ ಒಂದು ಕೂತ ಕೆಲವು ರಬ್ಬರು ಬೆಲ್ಟುಗಳು. ಇವುಗಳ ಅಡ್ಡಕೊಯ್ತ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ. ಬೆಲ್ಟು ಪುಲ್ಲಿಯ ಗಾಡಿಯ ತಳಕ್ಕೆ ತಾಗುವುದೇ ಇಲ್ಲ. ಎರಡು ಪಕ್ಕಗಳಲ್ಲಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಗಾಡಿಯ ಕೋನ 38 ಡಿಗ್ರಿ ಇದ್ದರೆ ಅದರ ಅರ್ಧ 19 ಡಿಗ್ರಿ. ಒಂದನ್ನು ಸೈನ್ 19ರಿಂದ ಭಾಗಿಸಿ ನೋಡಿ, ಸುಮಾರು ಮೂರು ಬರುತ್ತದೆ. ಚಪ್ಪಟೆ ಬೆಲ್ಟಿಗಿಂತ ಇದರ ಹಿಡಿತ ಮೂರು ಪಟ್ಟು ಎನ್ನುವುದು ಇದರಿಂದಲೇ.

ಹೀಗಾಗಿ ಮೊದಲು ನೋಡಬೇಕಾದದ್ದು ಗಾಡಿಯ ತಳವನ್ನು. ಅದು ಉಜ್ಜಿದಂತೆ ಹೊಳೆಯುತ್ತಿದ್ದರೆ ಬೆಲ್ಟು ಸವೆದು ತಳ ಮುಟ್ಟಿದೆ, ಇಲ್ಲವೇ ಪುಲ್ಲಿಯೇ ಸವೆದಿದೆ ಎಂದರ್ಥ. ಅಂಥ ಬೆಲ್ಟನ್ನು ಎಷ್ಟು ಬಿಗಿದರೂ ಜಾರುವುದು ತಪ್ಪದು. ಬಿಗಿದ ಪೆಟ್ಟು ಬೇರಿಂಗಿಗೆ ಬೀಳುತ್ತದೆ. ಕೀರಲು ದನಿ ಬಂದಾಗ ರಾಳದ ಪುಡಿ ಉದುರಿಸುವವರಿದ್ದಾರೆ. ಹಳೆಯ ಗಿರಣಿಯ ಚಪ್ಪಟೆ ಬೆಲ್ಟಿಗೆ ಅದು ನಡೆಯುತ್ತಿತ್ತು, ಇಲ್ಲಿ ಕೆಸರು ಮೆತ್ತಿಕೊಳ್ಳಲು ಅನುಕೂಲವಾಗುತ್ತದೆ, ಅಷ್ಟೇ.

ಬದಲಿಸುವಾಗ ಎಂಜಿನ್ನು ನಿಂತಿರಬೇಕು, ಆರಿರಬೇಕು. ಲುಂಗಿಯ ಚುಂಗು, ಹೆಗಲ ಟವೆಲು ದೂರವಿರಲಿ. ಬೆಲ್ಟಿನ ಮೇಲಿನ ಕವಚ ತೆಗೆದು, ಎಂಜಿನ್ನನ್ನು ಚಾಸಿಗೆ ಬಿಗಿದ ಬೋಲ್ಟುಗಳನ್ನು ಸಡಿಲಿಸಿ, ಎಂಜಿನ್ನನ್ನು ಕ್ಲಚ್ಚಿನ ಕಡೆಗೆ ಸರಿಸಿದರೆ ಬೆಲ್ಟುಗಳು ತಾವಾಗಿ ಕೈಗೆ ಬರುತ್ತವೆ. ಸ್ಕ್ರೂ ಡ್ರೈವರಿನಿಂದ ಮೀಟಿ ಏರಿಸುವುದು ಅವಸರದವರ ಅಭ್ಯಾಸ. ಒಳಗಿನ ದಾರ ಹರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಪುಲ್ಲಿ ತಿರುಗಿಸುತ್ತ ಬೆಲ್ಟನ್ನು ಬೆರಳಿನಿಂದ ತಳ್ಳಿ ಕೂರಿಸುವುದು ಅದಕ್ಕಿಂತ ಅಪಾಯ. ಬೆಲ್ಟಿನ ಜೊತೆ ಬೆರಳೂ ಒಳಗೆ ಹೋಗುತ್ತದೆ.

ಒಂದು ಬೆಲ್ಟು ಹರಿದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಇದು ಅಂಗಡಿಯವನ ಲಾಭದ ಮಾತಲ್ಲ. ಹಳೆಯವು ಎಳೆದು ಉದ್ದವಾಗಿರುತ್ತವೆ. ನಡುವೆ ಹೊಸದೊಂದು ಕೂತರೆ ಹೊರೆಯೆಲ್ಲ ಅದರ ಮೇಲೆಯೇ, ಬೇಗ ಹರಿಯುವುದೂ ಅದೇ. ಕೊಳ್ಳುವಾಗ ಬೆನ್ನಿನ ಗುರುತು ಓದಿ. 'ಬಿ' ಎಂದರೆ ಮೇಲಗಲ 17 ಮಿ.ಮೀ., ದಪ್ಪ 11 ಮಿ.ಮೀ. ಮುಂದಿನ ಅಂಕಿ ಸಾಮಾನ್ಯವಾಗಿ ಒಳಸುತ್ತಳತೆ, ಇಂಚಿನಲ್ಲಿ.

ಬಿಗಿ ಕೊಡುವುದಕ್ಕೆ ಎಂಜಿನ್ನನ್ನು ಹಿಂದಿನ ದಿಕ್ಕಿಗೆ ವಿರುದ್ಧವಾಗಿ ಸರಿಸಬೇಕು. ವಿದೇಶಗಳಲ್ಲಿ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಸ್ಪ್ರಿಂಗಿನ ಪುಲ್ಲಿಯೊಂದು ಈ ಬಿಗಿಯನ್ನು ಕಾಯುತ್ತದೆ. ಇಂಥ ಟಿಲ್ಲರಿನಲ್ಲಿ ಅದು ನಮ್ಮ ಕೈಯ ಕೆಲಸ. ಎರಡು ಪುಲ್ಲಿಗಳೂ ಒಂದೇ ನೇರದಲ್ಲಿವೆಯೇ ಎಂದು ದಾರ ಹಿಡಿದು ನೋಡಿ, ಆಮೇಲೆ ಬೋಲ್ಟು ಬಿಗಿಯಿರಿ. ಎಷ್ಟು ಬಿಗಿ? ಕೈಪಿಡಿಯಲ್ಲಿ ಅಂಕಿ ಇದ್ದರೆ ಅದೇ ಪ್ರಮಾಣ. ಇಲ್ಲದಿದ್ದರೆ ಎರಡು ಪುಲ್ಲಿಗಳ ನಡುವಣ ಬೆಲ್ಟಿನ ಒಂದು ಮೀಟರಿಗೆ 16 ಮಿ.ಮೀ. ತಗ್ಗು ಎಂಬುದು ರೂಢಿಯ ಲೆಕ್ಕ. 40 ಸೆಂ.ಮೀ. ಇದ್ದರೆ ಸುಮಾರು ಆರೂವರೆ ಮಿ.ಮೀ. ನಿಮ್ಮ ಕಾಲೇಜಿನ ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿಯನ್ನು ನಡುವೆ ಸಿಕ್ಕಿಸಿ ಎಳೆದರೆ, 'ಬಿ' ಬೆಲ್ಟು ಅಷ್ಟು ಬಾಗಲು ಸುಮಾರು ಎರಡು ಮೂರು ಕಿಲೋ ತೋರಿಸಬೇಕು. ಕಡಮೆ ತೋರಿಸಿದರೆ ಸಡಿಲ, ಬಹಳ ಹೆಚ್ಚಾದರೆ ಅತಿ ಬಿಗಿ.

ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳಲ್ಲಿ ಗಾಡಿಗೆ ಕೂತು ತುಸು ಸಡಿಲವಾಗುತ್ತದೆ. ಆದ್ದರಿಂದ ಮೊದಲ ದಿನದ ಉಳುಮೆ ಮುಗಿದ ಸಂಜೆ, ಕೆಸರು ತೊಳೆದ ಮೇಲೆ, ಇನ್ನೊಮ್ಮೆ ಅಳೆದು ಬಿಗಿಯಬೇಕು.